ಮೂರನೇ ಸಿಲಿಂಡರಿನ ಸದ್ದು

"ಸ್ಪೀಕರಿಗೆ ನೆಗಡಿಯಾಗಿದೆ ಅಂತ ಇಂಜಿನ್ನಿನ ಹೊಟ್ಟೆ ಕೊಯ್ದ ಡಾಕ್ಟರು ಇವರೇ ನೋಡಿ," ಎಂದ ಮ್ಯಾನೇಜರ್.

ಹೇಳಿದ್ದು ತನ್ನ ಕೋಣೆಯೊಳಗೆ ಕೂತು ಅಲ್ಲ. ಸರ್ವೀಸ್ ಹಾಲಿನ ನಟ್ಟನಡುವೆ, ಗಿರಾಕಿಗಳು ಕಾಫಿ ಕಪ್ಪು ಹಿಡಿದು ಕಾಯುವ ಸೋಫಾಗಳ ಎದುರು ನಿಂತು, ಎಲ್ಲರಿಗೂ ಕೇಳಲಿ ಎಂದೇ ಹೇಳಿದ್ದು. ಸೋಫಾದಲ್ಲಿ ಏಳೆಂಟು ಜನ ಇದ್ದರು. ಲ್ಯಾಪ್‌ಟಾಪ್ ಹಿಡಿದು ಕಾರಿನ ಕಾಯಿಲೆ ಓದುವ ಇಬ್ಬರು ಟೆಕ್ನಿಷಿಯನ್ನರು ಮುಖ ಪಕ್ಕಕ್ಕೆ ತಿರುಗಿಸಿ ನಕ್ಕರು. ಕಾರಿನ ಒಡತಿ, ಹಲ್ಲಿನ ಡಾಕ್ಟರಮ್ಮ, ನಗಲಿಲ್ಲ. ಆಕೆ ಗಡಿಯಾರ ನೋಡಿಕೊಂಡಳು.

ಅಪ್ಪ ಕೈಯಲ್ಲಿ ಬೋಲ್ಟುಗಳ ತಟ್ಟೆ ಹಿಡಿದು ನಿಂತಿದ್ದ. ಮೂವತ್ತೊಂದು ವರ್ಷದಿಂದ ಅದೇ ಕಂಪನಿಯ ಕಾರುಗಳ ಇಂಜಿನ್ನು ಬಿಚ್ಚಿ ಜೋಡಿಸಿದವನು. ಸರ್ವೀಸ್ ಹಾಲಿನಲ್ಲಿ ಎಲ್ಲರ ಬಾಯಲ್ಲೂ ದೊಡ್ಡ ಮೇಸ್ತ್ರಿ. ಅವನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಮಗ. ಒಂಬತ್ತನೇ ಕ್ಲಾಸಿಗೆ ಪುಸ್ತಕ ಕಟ್ಟಿಟ್ಟು ಅಪ್ಪನ ಸ್ಪಾನರ್ ಹಿಡಿಯಲು ಬಂದವನು, ಈಗ ಇಪ್ಪತ್ತಮೂರು. ಮುಟ್ಟಿದರೆ ಹೊತ್ತಿಕೊಳ್ಳುತ್ತಾನೆ ಅಂತ ವರ್ಕ್‌ಶಾಪಿನವರು ಕಿಡಿ ಎಂದು ಕರೆಯುತ್ತಿದ್ದರು.

ಆಗಿದ್ದಿಷ್ಟು. ಡಾಕ್ಟರಮ್ಮನ ಹೊಸ ಕಾರು ಮೊದಲ ಸರ್ವೀಸಿಗೆ ಬಂದಿತ್ತು. ಆಕೆಯ ದೂರೇನೂ ಇರಲಿಲ್ಲ. ತೊಳೆಯುವ ಜಾಗದಿಂದ ಲಿಫ್ಟಿನ ಮೇಲೆ ತರಲು ಅಪ್ಪ ಒಳಗೆ ಕೂತು ಆಕ್ಸಿಲರೇಟರ್ ಒತ್ತಿದ್ದ. ಮೂರು ಸಾವಿರ ಸುತ್ತಿನ ಹತ್ತಿರ ಸಣ್ಣಗೆ ಟಿಕ್, ಟಿಕ್, ಟಿಕ್. ಇಳಿದು ಬಾನೆಟ್ ಎತ್ತಿ, ಬೇರೊಬ್ಬನಿಂದ ಆಕ್ಸಿಲರೇಟರ್ ಒತ್ತಿಸುತ್ತ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟು ಕೇಳಿದ್ದ. ಏನೂ ಇಲ್ಲ. ಒಳಗೆ ಕೂತರೆ ಟಿಕ್, ಹೊರಗೆ ನಿಂತರೆ ಮೌನ. ಇದು ಎಲ್ಲೋ ಆಳದಲ್ಲಿರುವ ರೋಗ ಎಂದುಕೊಂಡು ಎರಡು ದಿನ ಕೂತು ಇಂಜಿನ್ನಿನ ತಲೆ ಬಿಚ್ಚಿದ್ದ. ಒಳಗೆ ಎಲ್ಲ ಹೊಸ ಪಾತ್ರೆಯ ಹಾಗೆ ಫಳಫಳ. ಕೊನೆಗೆ ಲ್ಯಾಪ್‌ಟಾಪಿನವನೊಬ್ಬ ಬಂದು ಹೇಳಿದ್ದ: ಕಾರಿನೊಳಗೆ ಕೇಳುವುದು ಇಂಜಿನ್ನಿನ ಸದ್ದೇ ಅಲ್ಲ, ಡ್ಯಾಶ್‌ಬೋರ್ಡಿನ ಕೆಳಗಿರುವ ಸ್ಪೀಕರಿನದು. ಹೊಸ ಇಂಜಿನ್ನು ಚಿಕ್ಕದು, ಬೆಕ್ಕಿನ ಹಾಗೆ ಸದ್ದಿಲ್ಲದ್ದು. ಹೆಸರು ನೋಡಿ ಕೊಂಡವರಿಗೆ ಸಪ್ಪೆ ಅನಿಸಬಾರದು ಅಂತ ಕಂಪನಿಯವರು ಹಳೇ ಕಾರಿನ ಗರ್ಜನೆ ರೆಕಾರ್ಡು ಮಾಡಿ ಒಳಗೆ ತುಂಬಿದ್ದರು.

ಮ್ಯಾನೇಜರ್ ಒಂದು ಕಾಗದ ಎತ್ತಿ ಹಿಡಿದ. "ಈ ಸುತ್ತೋಲೆ ಮೂರು ತಿಂಗಳಿಂದ ಗೋಡೆ ಮೇಲಿದೆ. ಸದ್ದು ಸ್ಪೀಕರಿನದು ಅಂತ ಎರಡನೇ ಸಾಲಿನಲ್ಲೇ ಇದೆ. ಕೆಳಗೆ, ಓದಿ ತಿಳಿದುಕೊಂಡಿದ್ದೇನೆ ಅಂತ ಸಹಿ. ಇದು ನಿಮ್ಮ ಸಹಿ ತಾನೆ, ಮೇಸ್ತ್ರಿ?"

ಸಹಿ ಕಿಡಿಯದು. ಅವತ್ತು ಒಂದು ಕೈಯಲ್ಲಿ ಬನ್ನು ಹಿಡಿದುಕೊಂಡು, ಒಂದಕ್ಷರ ಓದದೆ, ತನ್ನದೊಂದು ಅಪ್ಪನದೊಂದು ಗೀಚಿ ಹೋಗಿದ್ದ. ಅಪ್ಪ ಕಾಗದದ ಹತ್ತಿರ ಬಗ್ಗಿ ನೋಡಿದ. ತುಸು ಹೊತ್ತೇ ನೋಡಿದ.

"ನಂದೇ," ಎಂದ.

"ಸಂತೋಷ. ನಾಳೆಯಿಂದ ಇಂಜಿನ್ ಕಡೆ ಬರಬೇಡಿ. ಮಕ್ಕಳ ಸೀಟು ಕೂರಿಸೋಕೆ ಒಬ್ಬರು ಬೇಕಾಗಿದ್ದಾರೆ. ಅಲ್ಲಿ ಸದ್ದು ಮಾಡೋದು ಮಗು ಮಾತ್ರ. ದಯವಿಟ್ಟು ಅದನ್ನ ಬಿಚ್ಚಿ ನೋಡಬೇಡಿ."

ಈ ಸಲ ಸೋಫಾದವರೂ ನಕ್ಕರು.

*

ರಾತ್ರಿಯೂಟಕ್ಕೆ ಅನ್ನ, ಬೇಳೆ, ಬೇಯಿಸಿದ ಮೊಟ್ಟೆ. ಮೇಲಿನ ಮಹಡಿಯಲ್ಲಿರುವ ಅಕ್ಕನೂ ಮಗು ಎತ್ತಿಕೊಂಡು ಕೆಳಗೆ ಬಂದಿದ್ದಳು. ಗಂಡನಿಗೆ ಸಂಜೆ ಪಾಳಿ ಇದ್ದ ದಿನ ಅವಳ ಊಟ ಇಲ್ಲೇ. ಅಜ್ಜಿ ಕುರ್ಚಿಯ ಮೇಲೆ ಮಂಡಿ ಚಾಚಿಕೊಂಡು ಕೂತಿದ್ದಳು. ವಿಷಯ ಊಟಕ್ಕಿಂತ ಮೊದಲೇ ಮನೆ ತಲುಪಿತ್ತು.

"ಕೆಲಸ ಬಿಟ್ಟುಬಿಡು, ಅಪ್ಪ," ಎಂದ ಕಿಡಿ.

"ಬಿಟ್ಟು?"

"ಬೇರೆ ಎಲ್ಲಾದ್ರೂ ನೋಡೋಣ."

"ಬೇರೆ ಎಲ್ಲಾದ್ರೂ ಅಂದ್ರೆ ಎಲ್ಲಿ? ಈಗ ಎಲ್ಲ ಕಡೆ ಅದೇ ಲ್ಯಾಪ್‌ಟಾಪು. ಮೊಟ್ಟೆ ಹಾಕ್ಕೋ."

"ಮಕ್ಕಳ ಸೀಟು ಕೂರಿಸ್ತೀಯಾ ನೀನು?"

"ಅದೇನು ಕೊಲೆ ಮಾಡಿದ ಹಾಗೇನೋ?" ಎಂದಳು ಅಮ್ಮ. ಅವಳಿಗೆ ಬೆಳಗಿಂದ ಪರದೆಗಳ ಅಂಚು ಹೊಲಿದು ಕತ್ತು ಹಿಡಿದುಕೊಂಡಿತ್ತು. "ಕೈಗೆ ಗ್ರೀಸ್ ಮೆತ್ತಲ್ಲ. ನನಗಂತೂ ಬಟ್ಟೆ ಒಗೆಯೋದು ಹಗುರವಾಯ್ತು."

"ಅಮ್ಮ, ಆ ಕಂಪನಿ ಕಾರು ಅಂದ್ರೆ ಒಂದು ಕಾಲದಲ್ಲಿ ಹೇಗಿತ್ತು ಗೊತ್ತಾ? ಓಡಿಸೋಕೆ ಬರೋರು ಮಾತ್ರ ಕೊಳ್ತಿದ್ರು. ಇಡೀ ಭಾನುವಾರ ತಿರುವು ರಸ್ತೆ ಹುಡುಕಿಕೊಂಡು ಹೋಗ್ತಿದ್ರು. ಬಂದು ಅಪ್ಪನ ಹತ್ತಿರ ನಿಂತು, ಮೇಸ್ತ್ರಿ, ಎರಡನೇ ಗೇರಲ್ಲಿ ಒಂದು ಚೂರು ತಡವರಿಸ್ತಾ ಇದೆ ಅಂತ ಮಗು ಕಾಯಿಲೆ ಹೇಳ್ಕೊಂಡ ಹಾಗೆ ಹೇಳ್ಕೊಳ್ತಿದ್ರು. ಈಗ ಬರೋರು ಕೇಳೋದು ಏನು? ಕಪ್ಪು ಇಡೋ ಗುಂಡಿ ಎಷ್ಟಿವೆ ಅಂತ."

"ಎಷ್ಟಿವೆ?" ಎಂದಳು ಅಜ್ಜಿ.

"ಎಂಟು," ಎಂದಳು ಅಕ್ಕ. ಅವಳಿಗೆ ಗೊತ್ತಿತ್ತು. ಅದೇ ಕಾರಿಗೆ ಅವಳೂ ಹಣ ಕಟ್ಟಿ ಒಂದು ತಿಂಗಳಾಗಿತ್ತು.

"ಅದು ಕಾರಲ್ಲ ಕಣೇ. ಚಕ್ರ ಹಾಕಿದ ಸೋಫಾ."

"ಸೋಫಾ ಆದ್ರೆ ಒಳ್ಳೇದೇ ಆಯ್ತಲ್ಲೋ ಮರಿ," ಎಂದಳು ಅಜ್ಜಿ. "ನನ್ನ ಮಂಡಿಗೆ ಬೇಕಾಗಿರೋದೂ ಅದೇ."

ಅಪ್ಪನ ತುಟಿಯಲ್ಲೂ ನಗು ಸುಳಿಯಿತು. ಅದನ್ನು ನೋಡಿ ಕಿಡಿ ತಟ್ಟೆ ದೂಡಿದ. ಅಮ್ಮ ತಟ್ಟೆಯನ್ನು ಮತ್ತೆ ಅವನ ಮುಂದಕ್ಕೇ ಸರಿಸಿದಳು.

"ನಾನೊಂದು ಹೇಳ್ತೀನಿ, ಕೇಳು. ಮೂವತ್ತೊಂದು ವರ್ಷದಲ್ಲಿ ನಿಮ್ಮಪ್ಪನ ಆ ಕೆಂಪು ಕಾರಲ್ಲಿ ನಾನು ಕೂತಿರೋದು ಎರಡೇ ಸಲ. ಒಂದು ಸಲ ನಿಮ್ಮಕ್ಕ ಹೊಟ್ಟೇಲಿದ್ಲು. ಕೂತಿದ್ದೇನೋ ಕೂತೆ, ಇಳಿಯೋಕೆ ಆಗಲಿಲ್ಲ. ಬೀದಿಲಿ ಹೋಗೋರು ಇಬ್ಬರು ಬಂದು ಕೈ ಹಿಡಿದು ಎಳೆದರು. ಅಕ್ಕಿ ಮೂಟೆ ಇಳಿಸಿದ ಹಾಗೆ. ಎರಡೇ ಸೀಟು. ಒಂದು ತರಕಾರಿ ಚೀಲ ಇಡೋಕೆ ಜಾಗ ಇಲ್ಲ. ಅದು ಗಂಡಸರು ಒಬ್ಬೊಬ್ಬರೇ ಹೋಗಿ ಒಬ್ಬೊಬ್ಬರೇ ಬರೋಕೆ ಮಾಡಿದ ಕಾರು. ಅದಕ್ಕೆ ನಾನ್ಯಾಕೆ ಅಳಲಿ?"

ಕಿಡಿಗೆ ಸಿಟ್ಟು ಇನ್ನಷ್ಟು ಏರಿತು. ಅದಕ್ಕಿಂತ ಹೆಚ್ಚಾಗಿ, ಆ ಸಹಿಯ ಮಾತು ಬಾಯಿಗೆ ಬಂದು ಬಂದು ವಾಪಸು ಹೋಗುತ್ತಿತ್ತು.

*

ಅಪ್ಪ ಮಕ್ಕಳ ಸೀಟು ಕೂರಿಸತೊಡಗಿದ. ಅದನ್ನೂ ಇಂಜಿನ್ ಕೂರಿಸಿದ ಹಾಗೆಯೇ ಕೂರಿಸುತ್ತಿದ್ದ. ಹಿಂದಿನ ಸೀಟಿನೊಳಗೆ ತಲೆ ತೂರಿಸಿ, ಮಕ್ಕಳ ಸೀಟಿನ ಮೇಲೆ ಮಂಡಿಯೂರಿ ತನ್ನ ಇಡೀ ಭಾರ ಬಿಟ್ಟು ಬೆಲ್ಟು ಎಳೆಯುತ್ತಿದ್ದ. ಆಮೇಲೆ ಎರಡು ಕೈಯಲ್ಲಿ ಅಲ್ಲಾಡಿಸುತ್ತಿದ್ದ. ಅಲ್ಲಾಡಿದರೆ ಪೂರ್ತಿ ಬಿಚ್ಚಿ ಮತ್ತೆ ಮೊದಲಿನಿಂದ. ಎರಡನೇ ವಾರದ ಹೊತ್ತಿಗೆ ಗಿರಾಕಿಗಳು, ಆ ವಯಸ್ಸಾದ ಮೇಸ್ತ್ರಿ ಇದ್ದಾರಲ್ಲ, ಅವರೇ ಕೂರಿಸಲಿ, ನಾವು ಕಾಯ್ತೀವಿ ಎನ್ನತೊಡಗಿದರು. ಎಣ್ಣೆ ಬದಲಿಸುವ ಗುಂಡಿಯಲ್ಲಿ ನಿಂತು ಕಿಡಿ ಇದನ್ನೆಲ್ಲ ನೋಡುತ್ತಿದ್ದ. ಕಾಣುತ್ತಿದ್ದದ್ದು ಬಾಗಿಲಿಂದ ಹೊರಚಾಚಿದ ಅಪ್ಪನ ಕಾಲುಗಳು. ಇಂಜಿನ್ನಿನ ಮೇಲೆ ಬಗ್ಗಿದವನ ಕಾಲುಗಳನ್ನು ಅವನು ಬಾಲ್ಯವಿಡೀ ನೋಡಿದ್ದ. ಇವು ಬೇರೆ ಯಾರದೋ ಕಾಲುಗಳ ಹಾಗಿದ್ದವು.

ಸರ್ವೀಸ್ ಹಾಲಿನ ಮುಂಭಾಗ ಶೋರೂಮು. ಅದರ ಮೂಲೆಯ ಕಟ್ಟೆಯ ಮೇಲೆ ಆ ಕೆಂಪು ಕಾರು ನಿಂತಿತ್ತು. ಅದು ಅಪ್ಪನ ಸ್ವಂತದ್ದೇನಲ್ಲ. ಕಂಪನಿಯದು, ಓಡಿಸಿ ನೋಡಲು ಗಿರಾಕಿಗಳಿಗೆ ಕೊಡುತ್ತಿದ್ದದ್ದು. ಆದರೆ ಅದನ್ನು ಸಾಕಿದವನು ಅಪ್ಪ, ಹಾಗಾಗಿ ಮನೆಯಲ್ಲಿ ಅದು ಅಪ್ಪನ ಕಾರು. ಆರು ವರ್ಷದಿಂದ ಓಡಾಟ ನಿಂತು, ಸುತ್ತ ಹಗ್ಗ ಕಟ್ಟಿಸಿಕೊಂಡು ಪ್ರದರ್ಶನದ ವಸ್ತುವಾಗಿತ್ತು. ಇಂಜಿನ್ನಿನ ಮುಚ್ಚಳಕ್ಕೆ ಕಂಪನಿಯವರು ಮುಟ್ಟಬಾರದು ಎಂದು ಚೀಟಿ ಅಂಟಿಸಿದ್ದರು. ಆದರೂ ನಿಂತಲ್ಲೇ ಸಾಯಬಾರದು ಅಂತ ಅಪ್ಪ ಪ್ರತಿ ಸೋಮವಾರ ಶೋರೂಮು ತೆರೆಯುವ ಮುಂಚೆ ಹತ್ತು ನಿಮಿಷ ಅದನ್ನು ಚಾಲೂ ಮಾಡುತ್ತಿದ್ದ. ಈಗ ಅವನು ಇಂಜಿನ್ ಮುಟ್ಟುವ ಹಾಗಿಲ್ಲ. ಕೀಲಿಯನ್ನು ಮಗನಿಗೆ ಕೊಟ್ಟ.

"ಹತ್ತು ನಿಮಿಷ. ಮೊದಲ ಐದು ನಿಮಿಷ ರೇಸ್ ಮಾಡಬೇಡ. ಅದಕ್ಕೂ ನಿದ್ದೆ ಬಿಡಬೇಕು."

ಮೂರನೇ ಸೋಮವಾರ ಕಿಡಿ ಕಟ್ಟೆಯ ಮೇಲೆ, ಆ ತಗ್ಗು ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ. ಐದು ನಿಮಿಷ ಆಯಿತು. ಒತ್ತಿದ. ಮೂರು ಸಾವಿರದ ಹತ್ತಿರ ಮುಳ್ಳು ಬಂದಾಗ, ಗರ್ಜನೆಯ ಒಳಗಿಂದ ಸಣ್ಣಗೆ: ಟಿಕ್, ಟಿಕ್, ಟಿಕ್.

ಅವನು ಕಾಲು ತೆಗೆದ. ಮತ್ತೆ ಒತ್ತಿದ. ಮತ್ತೆ ಅದೇ.

ಹೊಸ ಕಾರುಗಳನ್ನು ಅವನು ದಿನಕ್ಕೆ ಹತ್ತು ಸಲ ಹಿಂದೆ ಮುಂದೆ ಮಾಡುತ್ತಿದ್ದ. ಆದರೆ ಅಪ್ಪನಿಗೆ ಅವಮಾನವಾದ ದಿನದಿಂದ, ಕೂತ ತಕ್ಷಣ ಸಿಟ್ಟಿನಿಂದ ಮೊದಲು ಮಾಡುತ್ತಿದ್ದ ಕೆಲಸ, ಆ ಸುಳ್ಳು ಸದ್ದಿನ ಗುಂಡಿ ಒತ್ತಿ ಆರಿಸುವುದು. ಅವತ್ತು ಸರ್ವೀಸಿಗೆ ಬಂದ ಮೊದಲ ಕಾರಿನಲ್ಲಿ ಆರಿಸಲಿಲ್ಲ. ಕಿಟಕಿ ಮುಚ್ಚಿ, ಕಣ್ಣು ಮುಚ್ಚಿ ಒತ್ತಿದ. ಟಿಕ್, ಟಿಕ್, ಟಿಕ್. ಎರಡನೇ ಕಾರು. ಅದೇ. ಮೂರನೇ ಕಾರು. ಅದೇ.

*

ಭಾನುವಾರ ಬೆಳಿಗ್ಗೆ ಅಪ್ಪ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಅಮ್ಮ ಪರದೆ ಕೊಡಲು ಹೋಗಿದ್ದಳು. ಕಿಡಿ ಬಾಗಿಲಿಗೆ ಒರಗಿದ.

"ಅಪ್ಪ, ಸ್ಪೀಕರಿನಲ್ಲಿರೋದು ನಮ್ಮ ಕೆಂಪು ಕಾರಿನ ಸದ್ದು."

"ಹೂಂ."

"ನಿನಗೆ ಗೊತ್ತಿತ್ತಾ?"

"ಚಾಕು ತಗೋ. ನಿಂತು ಮಾತಾಡೋ ಬದಲು ಒಂದೆರಡು ತೆಗಿ."

ಕಿಡಿ ಕೂತ. ಅಪ್ಪ ಸಿಪ್ಪೆಯನ್ನು ಒಂದೇ ಎಳೆಯಾಗಿ, ತುಂಡಾಗದ ಹಾಗೆ ತೆಗೆಯುತ್ತಿದ್ದ.

"ಆರು ವರ್ಷದ ಹಿಂದೆ ನಾಲ್ಕು ಜನ ಬಂದಿದ್ರು. ಕಿವಿ ಮೇಲೆ ಬಟ್ಟಲು ಹಾಕ್ಕೊಂಡು. ಕೆಂಪು ಕಾರಿನ ಸುತ್ತ ಮೈಕು ಕಟ್ಟಿದ್ರು, ಯಾವುದೋ ಭಾಷಣಕ್ಕೆ ಕಟ್ಟಿದ ಹಾಗೆ. ಮೂರನೇ ಸಿಲಿಂಡರಿನ ವಾಲ್ವು ಕೂದಲೆಳೆಯಷ್ಟು ಸಡಿಲ ಇತ್ತು. ನಾನೇ ಅವಸರದಲ್ಲಿ ಹಾಗೆ ಬಿಟ್ಟಿದ್ದೆ. ನಾಳೆ ಸರಿಮಾಡಿ ಕೊಡ್ತೀನಿ ಅಂದೆ. ಇವತ್ತೇ ಬೇಕು ಅಂದ್ರು. ಮಾರನೇ ದಿನ ಸರಿಮಾಡೋಣ ಅಂತ ಹೋದ್ರೆ ಕಾರು ಕಟ್ಟೆ ಮೇಲೆ ಹತ್ತಿತ್ತು, ಚೀಟಿ ಅಂಟಿತ್ತು."

"ಹಾಗಾದ್ರೆ ಡಾಕ್ಟರಮ್ಮನ ಕಾರಲ್ಲಿ ಕೇಳಿದಾಗಲೇ ನಿನಗೆ…"

"ಗುರುತು ಹತ್ತಿತು. ಗುಂಪಿನಲ್ಲಿ ಪರಿಚಯದವರು ಕೆಮ್ಮಿದ ಹಾಗೆ. ಆದರೆ ಸದ್ದು ಇದ್ದ ಮೇಲೆ ಅದಕ್ಕೊಂದು ಮೈ ಇರಬೇಕಲ್ಲ ಅಂದ್ಕೊಂಡೆ. ಮೈ ಇಲ್ಲದೆ ಬರೀ ಸದ್ದು ಮಾತ್ರ ಊರೆಲ್ಲ ಓಡಾಡುತ್ತೆ ಅಂತ ನನಗೇನು ಗೊತ್ತು? ಎರಡು ದಿನ ಹುಡುಕಿದೆ."

ಕಿಡಿ ಕೈಯಲ್ಲಿದ್ದ ಆಲೂಗಡ್ಡೆಯನ್ನೇ ನೋಡಿದ.

"ಆ ಸಹಿ ನಂದು," ಎಂದ ಕೊನೆಗೆ.

"ನಿನ್ನ ಗೀಚಾಟ ನನಗೆ ಗೊತ್ತಾಗಲ್ವಾ?"

"ಮತ್ತೆ ನಂದೇ ಅಂತ ಯಾಕೆ ಹೇಳಿದೆ?"

"ಒಂದೇ ದಿನ ಇಬ್ಬರೂ ಯಾಕೆ ಬೈಸ್ಕೋಬೇಕು? ಅಷ್ಟು ದಪ್ಪ ಸಿಪ್ಪೆ ತೆಗೀಬೇಡ, ಅರ್ಧ ಗಡ್ಡೆ ಅದರಲ್ಲೇ ಹೋಯ್ತು."

"ನಾನು ಹೇಳ್ತೀನಿ ಅವನಿಗೆ. ಎಲ್ಲರ ಮುಂದೆ ಹೇಳ್ತೀನಿ. ನಿನ್ನ ಕಿವಿ ತಪ್ಪು ಕೇಳಿಲ್ಲ ಅಂತ."

"ಹೇಳಿ?"

"ಅವನ ಬಾಯಿಂದ ಒಂದು ಮಾತು ಬರಬೇಕು. ತಪ್ಪಾಯ್ತು ಮೇಸ್ತ್ರಿ ಅಂತ. ಅಷ್ಟೇ."

ಅಪ್ಪ ಚಾಕು ಕೆಳಗಿಟ್ಟ. "ನೋಡು, ಶನಿವಾರ ನಿಮ್ಮಕ್ಕನ ಕಾರು ಬರುತ್ತೆ. ನಿಮ್ಮಜ್ಜಿ ಆಗಲೇ ಸೀರೆ ತೆಗೆದಿಟ್ಟಿದ್ದಾಳೆ. ಮಧ್ಯೆ ನೀನು ಬಾಯಿ ಹಾಕಬೇಡ."

ಕಿಡಿಯ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು: ಶನಿವಾರ ಬೆಳಿಗ್ಗೆ ಸೋಫಾಗಳು ತುಂಬಿರುತ್ತವೆ.

*

ಶನಿವಾರ ಹನ್ನೊಂದು ಗಂಟೆಗೆ ಸೋಫಾಗಳು ತುಂಬಿ, ನಾಲ್ಕಾರು ಜನ ನಿಂತೂ ಇದ್ದರು. ಅಕ್ಕನ ಬಿಳಿ ಕಾರಿನ ಮೇಲೆ ತೊಟ್ಟಿಲಿನಷ್ಟು ದೊಡ್ಡ ರಿಬ್ಬನ್ನಿನ ಹೂವು. ಮ್ಯಾನೇಜರ್ ರಟ್ಟಿನ ದೊಡ್ಡ ಕೀಲಿಯೊಂದನ್ನು ಅಕ್ಕನ ಕೈಗೆ ಕೊಟ್ಟು ಫೋಟೋಕ್ಕೆ ನಕ್ಕ. ಅಜ್ಜಿ ಆಗಲೇ ಹಿಂದಿನ ಸೀಟಿನ ಒಂದು ಬದಿಗೆ ಸಲೀಸಾಗಿ ಹತ್ತಿ ಕೂತು ಕೈಯಿಂದ ಮೆತ್ತೆ ಒತ್ತಿ ನೋಡುತ್ತಿದ್ದಳು. ಇನ್ನೊಂದು ಬದಿಯಲ್ಲಿ ಅಪ್ಪ ಮಂಡಿಯೂರಿ ಮೊಮ್ಮಗುವಿನ ಸೀಟು ಬಿಗಿಯುತ್ತಿದ್ದ. ಮಗು ಕಿಡಿಯ ಅಮ್ಮನ ಹೆಗಲ ಮೇಲೆ ನಿದ್ದೆ ಹೋಗಿತ್ತು.

ಕಿಡಿ ಹಗ್ಗ ದಾಟಿ ಕಟ್ಟೆ ಹತ್ತಿದ. ಕೆಂಪು ಕಾರಿನೊಳಗೆ ಇಳಿದು ಕೀಲಿ ತಿರುಗಿಸಿದ.

ಗಾಜಿನ ಗೋಡೆಗಳು ನಡುಗಿದವು. ಸೋಫಾದವರೊಬ್ಬರ ಕಾಫಿ ತೊಡೆಯ ಮೇಲೆ ಚೆಲ್ಲಿತು. ಎಲ್ಲ ತಲೆಗಳೂ ತಿರುಗಿದವು. ಮ್ಯಾನೇಜರ್ ಓಡಿ ಬಂದ.

"ಏಯ್, ಯಾರು ಹೇಳಿದ್ದು ನಿನಗೆ? ಆರಿಸು ಮೊದಲು."

"ಒಂದು ನಿಮಿಷ ಸಾರ್. ಅಕ್ಕ, ಮುಂದೆ ಕೂತ್ಕೋ. ಎಲ್ಲ ಬಾಗಿಲೂ ತೆರೆದೇ ಇರಲಿ. ಗೇರು ಹಾಕಬೇಡ. ಮೂರು ಸಾವಿರದವರೆಗೆ ಒತ್ತು."

"ನಿನಗೇನಾಗಿದೆಯೋ?" ಎಂದಳು ಅಕ್ಕ.

"ಒತ್ತೇ. ಒಂದೇ ಸಲ."

ಅಕ್ಕ ಕೂತು ಒತ್ತಿದಳು. ಇತ್ತ ಅವನೂ ಒತ್ತಿದ. ಕಟ್ಟೆಯ ಮೇಲಿಂದ ಟಿಕ್, ಟಿಕ್, ಟಿಕ್. ಬಿಳಿ ಕಾರಿನೊಳಗಿಂದ ಟಿಕ್, ಟಿಕ್, ಟಿಕ್. ಅವನು ಕೆಂಪು ಕಾರನ್ನು ಆರಿಸಿ ಎದ್ದು ನಿಂತ. ಈಗ ಬಿಳಿಯದೊಂದೇ ಟಿಕ್ ಟಿಕ್ ಎನ್ನುತ್ತಿತ್ತು. ಮಾತಾಡಲು ಹೋದರೆ ಧ್ವನಿ ಅವನ ಕೈಯಲ್ಲಿರಲಿಲ್ಲ.

"ಕೇಳ್ತಾ ಎಲ್ಲರಿಗೂ? ಇದು ಮೂರನೇ ಸಿಲಿಂಡರಿನ ವಾಲ್ವು. ನಮ್ಮಪ್ಪ ನೋಡಿಕೊಂಡಿದ್ದ ಇಂಜಿನ್ನು. ಇದೇ ಸದ್ದನ್ನ ರೆಕಾರ್ಡು ಮಾಡಿ ಒಂದೊಂದು ಕಾರಿಗೂ ತುಂಬಿದ್ದಾರೆ. ಅವತ್ತು ಡಾಕ್ಟರಮ್ಮನ ಕಾರಲ್ಲಿ ಅಪ್ಪ ಕೇಳಿದ್ದು ಇದನ್ನ. ಇಷ್ಟು ಜನ ಇದ್ದೀರಿ, ಲ್ಯಾಪ್‌ಟಾಪ್ ಇಟ್ಕೊಂಡು ಇದ್ದೀರಿ, ಯಾರ ಕಿವಿಗೂ ಬೀಳದ್ದು ಅವನಿಗೆ ಬಿತ್ತು. ಆಮೇಲೆ ಆ ಸುತ್ತೋಲೆಗೆ ಸಹಿ ಹಾಕಿದ್ದು ನಾನು, ಅವನಲ್ಲ. ಸಾರ್, ಅವತ್ತು ಎಷ್ಟು ಜನದ ಮುಂದೆ ಅವನನ್ನ ಅಂದ್ರೋ, ಅಷ್ಟೇ ಜನ ಇಲ್ಲಿದ್ದಾರೆ. ಈಗ ಹೇಳಿ."

ಅಪ್ಪ ಹಿಂದಿನ ಸೀಟಿನಿಂದ ತಲೆ ಹೊರತೆಗೆಯಲಿಲ್ಲ. ಬೆಲ್ಟು ಎಳೆಯುತ್ತಿದ್ದ ಅವನ ಕೈ ಮಾತ್ರ ನಿಂತಿತು.

ಮ್ಯಾನೇಜರ್ ಬಿಳಿ ಕಾರಿನೊಳಗೆ ಕಿವಿ ಹಾಕಿದ. ಮತ್ತೊಮ್ಮೆ ಕೇಳಿದ. ಅವನ ಹುಬ್ಬು ಗಂಟಿಕ್ಕಿದ್ದದ್ದು ಮೆಲ್ಲಗೆ ಸಡಿಲಾಯಿತು. ಆಮೇಲೆ ಮ್ಯಾನೇಜರನ ಮುಖದಲ್ಲಿ ಬಂದದ್ದು ನಾಚಿಕೆ ಅಲ್ಲ, ನಗು.

"ಇಂಥ ವಿಷಯ ಇಟ್ಕೊಂಡು ಇಷ್ಟು ದಿನ ಯಾಕಯ್ಯ ಸುಮ್ಮನಿದ್ದೆ?" ಎಂದು, ಸೋಫಾಗಳ ಕಡೆ ತಿರುಗಿ ಕೈ ಚಾಚಿದ. "ಕೇಳಿದ್ರಲ್ಲ? ನಮ್ಮಲ್ಲಿ ಕೊಂಡ ಒಂದೊಂದು ಕಾರಿನಲ್ಲೂ ನಮ್ಮ ದೊಡ್ಡ ಮೇಸ್ತ್ರಿಯವರ ಕೈಗುರುತು ಇದೆ. ಬೇರೆ ಯಾವ ಕಂಪನಿಯಲ್ಲಿ ಇದೆ ಹೇಳಿ."

ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಫೋನುಗಳು ಮೇಲೆದ್ದವು.

"ನಮ್ಮ ಕಾರಲ್ಲೂ ಈ ಟಿಕ್ ಟಿಕ್ ಬರುತ್ತಾ?" ಎಂದು ಕಾಫಿ ಚೆಲ್ಲಿಕೊಂಡವರು ಕೇಳಿದರು.

"ಖಂಡಿತ ಬರುತ್ತೆ ಸಾರ್. ಬರದಿದ್ರೆ ಬನ್ನಿ, ಹಾಕಿಕೊಡ್ತೀವಿ."

ಎಲ್ಲರೂ ನಕ್ಕರು. ಅವತ್ತು ಅಪ್ಪನನ್ನು ಅಣಕಿಸಿದ ಅದೇ ನಗು, ಈಗ ಅಪ್ಪನನ್ನು ಹೊಗಳಲು ಬಳಕೆಯಾಗುತ್ತಿತ್ತು. ಕಿಡಿಗೆ ಕಟ್ಟೆಯ ಮೇಲೆ ಕಾಲು ಎಲ್ಲಿಡಬೇಕು ತಿಳಿಯಲಿಲ್ಲ. ಇಳಿದು ಬಂದ.

"ಮತ್ತೆ ಅಪ್ಪ ಇಂಜಿನ್ ಕಡೆಗೆ?" ಎಂದ.

"ಇಂಜಿನ್ ಕಡೆ ಈಗ ಬಿಚ್ಚೋದೇನಿದೆಯಪ್ಪ? ಸೀಟಿಗೆ ಅವರೇ ಬೇಕು ಅಂತ ಗಿರಾಕಿಗಳು ಕಾದು ಕೂರ್ತಾರೆ." ಮ್ಯಾನೇಜರ್ ಅವನ ಹೆಗಲ ಮೇಲೆ ಕೈ ಹಾಕಿದ. "ನಿನ್ನ ವಿಷಯ ಹೇಳ್ತೀನಿ ಕೇಳು. ಆ ಎಣ್ಣೆ ಗುಂಡಿ ಸಾಕು. ಒಂದು ಕೋಟು ಹೊಲಿಸಿಕೊಡ್ತೀವಿ. ಕಾರು ತಗೊಳೋಕೆ ಬಂದವರಿಗೆ ಕೆಂಪು ಕಾರು ಚಾಲೂ ಮಾಡಿ ತೋರಿಸು, ಈಗ ಹೇಳಿದೆಯಲ್ಲ, ಇದೇ ಮಾತು ಹೇಳು. ಇಷ್ಟೇ ಸಿಟ್ಟಲ್ಲಿ ಹೇಳು, ಅದೇ ಚೆನ್ನಾಗಿದೆ. ಸಹಿ ವಿಷಯ ಬೇಡ. ಅದೊಂದು ಬಿಟ್ಟುಬಿಡು."

ಅಷ್ಟರಲ್ಲಿ ಮಗು ಎಚ್ಚರಗೊಂಡು ಕಿರುಚತೊಡಗಿತು. ಅಮ್ಮ ಅದನ್ನು ಹೊಸ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದಳು. ಅದು ಕೈಕಾಲು ಬಡಿಯಿತು. ಗಾಬರಿಗೆ ಅಕ್ಕನ ಕಾಲು ಇನ್ನೂ ಆಕ್ಸಿಲರೇಟರಿನ ಮೇಲೇ ಇತ್ತು, ಒಳಗೆಲ್ಲ ಗರ್ಜನೆ.

"ಅಪ್ಪ, ಈ ಸದ್ದು ಆರಿಸೋದು ಎಲ್ಲಿ?" ಎಂದಳು.

ಅಪ್ಪ ಹಿಂದಿನಿಂದಲೇ ಮುಂದಕ್ಕೆ ಬಾಗಿ, ಎರಡು ಸೀಟುಗಳ ನಡುವೆ ತೋಳು ಚಾಚಿ, ಹುಡುಕದೆಯೇ ಆ ಗುಂಡಿ ಒತ್ತಿದ.

ಸದ್ದು ನಿಂತಿತು. ಮಗು ಎರಡು ಸಲ ಬಿಕ್ಕಿ ಸುಮ್ಮನಾಯಿತು. ಅಪ್ಪ ಸೀಟನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದ. ಅಲ್ಲಾಡಲಿಲ್ಲ.

"ಏನಂತೀಯ?" ಎಂದ ಮ್ಯಾನೇಜರ್. "ಸೋಮವಾರದಿಂದ ಶುರು ಮಾಡ್ತೀಯಾ?"

ಕಿಡಿ ಕೆಂಪು ಕಾರಿನ ಕೀಲಿಯನ್ನು ಸೋಫಾದ ಎದುರಿನ ಮೇಜಿನ ಮೇಲೆ, ಖಾಲಿ ಕಾಫಿ ಕಪ್ಪುಗಳ ನಡುವೆ ಇಟ್ಟ.

"ಮರಿ, ಎಲ್ಲಿಗೋ ಹೊರಟೆ?" ಅಜ್ಜಿ ಸರಿದು ಕೂತು, ಪಕ್ಕದ ಮೆತ್ತೆಯನ್ನು ಅಂಗೈಯಿಂದ ತಟ್ಟಿದಳು. "ಬಾರೋ, ಇಲ್ಲಿ ಇನ್ನೊಬ್ಬರಿಗೆ ಜಾಗ ಇದೆ."

ಅವನು ಗಾಜಿನ ಬಾಗಿಲು ತಳ್ಳಿಕೊಂಡು ಬೀದಿಗಿಳಿದ, ಬಂದ ದಾರಿ ಹಿಡಿದು ನಡೆದ.